ಎರಡೂ ಕಡೆಯವರು

(ಡೊಂಬಿವಲಿ ಪೂರ್ವದಲ್ಲಿ ಇಬ್ಬರ ಮಾತು. ಒಬ್ಬರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಇನ್ನೊಬ್ಬಳಿಗೆ ಐರೋಲಿಯ ಕಂಪೆನಿಯೊಂದರಲ್ಲಿ ಕೆಲಸ, ಭಾನುವಾರಗಳಲ್ಲಿ ಕನ್ನಡ ಸಂಘದ ಕಾರ್ಯದರ್ಶಿ.)

— ಮಾಸ್ಟ್ರೇ, ಒಂದು ಲೆಕ್ಕ ಉಂಟು. ಸಂಘದ ಪಟ್ಟಿಯಲ್ಲಿ 1,200 ಮನೆ. ಯಕ್ಷಗಾನ ಮಂಡಳಿಯ ಪೋಷಕರ ಪಟ್ಟಿಯಲ್ಲಿ 400. ಈ ಸಲ ಎರಡೂ ಸೇರಿ ಸಾವಿತ್ರಿಬಾಯಿ ಫುಲೆ ಕಲಾಮಂದಿರದಲ್ಲಿ ಕಾರ್ಯಕ್ರಮ ಅಂತ ತೀರ್ಮಾನ ಆಯ್ತು. ಆಮಂತ್ರಣ ಪತ್ರಿಕೆ ಎಷ್ಟು ಅಚ್ಚು ಹಾಕಿಸುವುದು?

— 1,600 ಹಾಕಿಸು. ಉಳಿದರೆ ಉಳೀತು.

— ಪತ್ರಿಕೆ ಉಳಿದರೆ ಪರವಾಗಿಲ್ಲ. ಊಟದ ಲೆಕ್ಕವೂ ಅದರಿಂದಲೇ ಹೊರಡಬೇಕಲ್ಲ. ಎರಡೂ ಪಟ್ಟಿಯಲ್ಲಿ ಇರುವ ಮನೆ ಬೇಕಾದಷ್ಟು ಉಂಟು. ನಮ್ಮ ಮನೆಯೇ ಉಂಟು.

— ಹಾಗಾದರೆ ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ಹೊಂದಿಸು. ನಿನಗೆ ಎಕ್ಸೆಲ್ ಬರುವುದಿಲ್ಲವಾ?

— ಎಕ್ಸೆಲ್ ಬರ್ತದೆ, ಹೆಸರುಗಳು ದಾರಿಗೆ ಬರುವುದಿಲ್ಲ. ಸಂಘದ ಪಟ್ಟಿ ಊರಿನ ಕ್ರಮದಲ್ಲಿ, ಮೊದಲು ಇನಿಶಿಯಲ್, ಮತ್ತೆ ಹೆಸರು. ಮಂಡಳಿಯದ್ದು ಇಲ್ಲಿಯ ಕ್ರಮದಲ್ಲಿ, ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಒಂದರಲ್ಲಿ ಗಂಡನ ಹೆಸರಿದ್ದರೆ ಇನ್ನೊಂದರಲ್ಲಿ ಹೆಂಡತಿಯದ್ದು. ಒಂದರಲ್ಲಿ ಹಳೆ ಚಾಳಿನ ವಿಳಾಸ, ಆ ಚಾಳು ಹೋಗಿ ಟವರ್ ಎದ್ದು ಎಷ್ಟೋ ವರ್ಷ ಆಯ್ತು. ‘ಎಸ್. ಶೆಟ್ಟಿ’ ಅಂತ ಹುಡುಕಿದೆ, ಅರ್ಧ ಡೊಂಬಿವಲಿ ಎದ್ದು ಬಂತು. ಫೋನ್ ನಂಬರಾದರೂ ಹೊಂದಿಸೋಣ ಅಂದರೆ ಒಂದರಲ್ಲಿ ಇನ್ನೂ ಲ್ಯಾಂಡ್‌ಲೈನ್ ನಂಬರುಗಳು.

— ಸರಿ, ಹೊಂದಿಸುವುದು ಬಿಡು, ಕೇಳು. ಸಂಘದ 1,200 ಮನೆಗಳಲ್ಲಿ ಚೀಟಿ ಎತ್ತಿದ ಹಾಗೆ 80 ಮನೆ ಆರಿಸಿ ಫೋನ್ ಮಾಡು. ‘ನೀವು ಮಂಡಳಿಯ ಪೋಷಕರೂ ಹೌದಾ?’ ಅಂತ ಒಂದೇ ಪ್ರಶ್ನೆ. 20 ಮನೆಯವರು ಹೌದು ಅಂದರು ಅಂತ ಇಟ್ಟುಕೋ. ಎಂಬತ್ತರಲ್ಲಿ ಇಪ್ಪತ್ತು ಅಂದರೆ ಕಾಲು. 1,200ರ ಕಾಲು 300. ಎರಡೂ ಕಡೆ ಇರುವ ಮನೆಗಳು ಸುಮಾರು 300. ಒಟ್ಟು ಮನೆ ಬೇಕಾದರೆ 1,200ಕ್ಕೆ 400 ಕೂಡಿಸಿ 300 ಕಳೆ. 1,300.

— ಇಷ್ಟೇನಾ?

— ಇಷ್ಟೇ. ಹನ್ನೆರಡನೆಯಲ್ಲಿ ನೀನು ಕಲಿತು ಮರೆತದ್ದೇ. ಷರತ್ತುಬದ್ಧ ಸಂಭವನೀಯತೆ. ಒಬ್ಬ ಸಂಘದವನು ಅಂತ ಗೊತ್ತಾದ ಮೇಲೆ ಅವನು ಮಂಡಳಿಯವನೂ ಆಗಿರುವ ಸಾಧ್ಯತೆ ಎಷ್ಟು? ಅದನ್ನು ಸಂಘದವರ ಸಂಖ್ಯೆಯಿಂದ ಗುಣಿಸಿದರೆ ಎರಡೂ ಕಡೆಯವರ ಲೆಕ್ಕ ಸಿಗ್ತದೆ. ಪಟ್ಟಿಗಳು ಒಂದನ್ನೊಂದು ಗುರುತಿಸದಿದ್ದರೂ ಮನುಷ್ಯರಿಗೆ ತಾವು ಎಲ್ಲೆಲ್ಲಿ ಸದಸ್ಯರು ಅಂತ ಗೊತ್ತಿರ್ತದಲ್ಲ.

— ಕಾಲು ಅಂದಿರಲ್ಲ, ಅದೇ ಮಾತಿಗೆ ಮೊನ್ನೆ ಮೀಟಿಂಗಿನಲ್ಲಿ ಜಗಳ ಆಯ್ತು. ಮಂಡಳಿಯ ಅಧ್ಯಕ್ಷರು, ನಮ್ಮವರಲ್ಲಿ ಮುಕ್ಕಾಲು ಪಾಲು ನಿಮ್ಮ ಸಂಘದವರೇ, ಹಾಗಾಗಿ ಖರ್ಚೂ ನೀವೇ ಹೆಚ್ಚು ಹಾಕಬೇಕು ಅಂದರು. ನಮ್ಮ ಖಜಾಂಚಿಗೆ ಸಿಟ್ಟು ಬಂತು. ನಮ್ಮಲ್ಲಿ ನಾಲ್ಕು ಮನೆಗೆ ಒಂದು ಮಾತ್ರ ನಿಮ್ಮದು, ಮುಕ್ಕಾಲು ಎಲ್ಲಿಂದ ಬಂತು ಅಂತ ಕೇಳಿದರು.

— ಇಬ್ಬರೂ ನಿಜವನ್ನೇ ಹೇಳಿದ್ದಾರೆ ಮಾರಾಯ್ತಿ. 400ರ ಮುಕ್ಕಾಲು 300, 1,200ರ ಕಾಲೂ 300. ಅದೇ ಮನೆಗಳು. ಈ ಕಡೆಯಿಂದ ನೋಡಿದರೆ ಸ್ವಲ್ಪ, ಆ ಕಡೆಯಿಂದ ನೋಡಿದರೆ ಬಹಳ. ಶೇಕಡಾ ಇಷ್ಟು ಅಂತ ಯಾರು ಹೇಳಿದರೂ ಮೊದಲು ಕೇಳಬೇಕಾದ್ದು, ಯಾರಲ್ಲಿ ಶೇಕಡಾ ಇಷ್ಟು? ಇದನ್ನು ಕೇಳದೆ ಸಹಿ ಹಾಕಿದ ಠರಾವುಗಳನ್ನು ನಾನು ಎಷ್ಟೋ ಕಂಡಿದ್ದೇನೆ.

— ನಮ್ಮ ಆಫೀಸಿನಲ್ಲಿಯೂ ಇದೇ ಕತೆ. ನನ್ನ ಅಡ್ಡಹೆಸರು ಶೆಟ್ಟಿ ಅಂತ ಕೇಳಿದ ಕೂಡಲೇ, ‘ನಿಮ್ಮದು ಯಾವ ಹೋಟೆಲ್?’ ಅಂತ ಕೇಳ್ತಾರೆ.

— ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತವರಲ್ಲಿ ಶೆಟ್ಟರು ಬಹಳ, ಅದು ನಿಜ. ಅದನ್ನು ತಿರುಗಿಸಿ, ಶೆಟ್ಟರಲ್ಲಿ ಬಹಳ ಮಂದಿ ಗಲ್ಲೆಯಲ್ಲಿ ಕೂತವರು ಅಂತ ಓದುತ್ತಾರೆ. ಬ್ಯಾಂಕಿಗೆ ಹೋದವರು, ಬಂದರಿನ ಗೋದಿಯಲ್ಲಿ ದುಡಿದವರು, ರಾತ್ರಿ ಶಾಲೆಯಲ್ಲಿ ಓದಿ ವಕೀಲರಾದವರು ಯಾರ ಕಣ್ಣಿಗೂ ಬೀಳುವುದಿಲ್ಲ, ಅವರ ಬಾಗಿಲಲ್ಲಿ ಬೋರ್ಡು ಇಲ್ಲವಲ್ಲ.

— ಸರಿ, ನಾಳೆಯೇ ಸಂಘದ 80 ಮನೆಗೆ ಫೋನ್ ಮಾಡ್ತೇನೆ.

— ಸಂಘದ್ದು ಬೇಡ. ಮಂಡಳಿಯ 80 ಮನೆಗೆ ಮಾಡು.

— ಎರಡೂ ಒಂದೇ ಅಂದಿರಲ್ಲ ಈಗ?

— ಸಿಗುವ ಸಂಖ್ಯೆ ಒಂದೇ. ತಪ್ಪುವ ಪ್ರಮಾಣ ಒಂದೇ ಅಲ್ಲ. 80 ಮನೆ ಕೇಳಿ ಕಾಲು ಅಂತ ಬಂದರೆ, ನಿಜವಾದ ಪಾಲು ಹೆಚ್ಚುಕಡಿಮೆ ಶೇಕಡಾ 15ರಿಂದ 35ರೊಳಗೆ ಎಲ್ಲಿ ಬೇಕಾದರೂ ಇರಬಹುದು. ಚೀಟಿ ಎತ್ತುವುದರಲ್ಲಿ ಅಷ್ಟು ಹೊಯ್ದಾಟ ಇದ್ದೇ ಇರ್ತದೆ. 1,200ರಿಂದ ಗುಣಿಸಿ ನೋಡು.

— 180ರಿಂದ 420. ಮಂಡಳಿಯಲ್ಲಿ ಇರುವುದೇ 400 ಮನೆ, 420 ಹೇಗೆ ಆಗ್ತದೆ?

— ಆಗುವುದಿಲ್ಲ. ಆ ಕಡೆಯಿಂದ ಕೇಳಿದರೆ ಲೆಕ್ಕ ಎಷ್ಟು ಸಡಿಲ ಅಂತ ಅದೇ ಹೇಳ್ತದೆ. ಈಗ ಮಂಡಳಿಯ 80 ಮನೆ ಕೇಳು, 60 ಮನೆ ಸಂಘದವರು ಅಂತ ಬಂತು, ಮುಕ್ಕಾಲು. ಇದರಲ್ಲಿಯೂ ಹೊಯ್ದಾಟ ಅಷ್ಟೇ, ಶೇಕಡಾ 65ರಿಂದ 85. ಆದರೆ ಈಗ ಗುಣಿಸುವುದು 400ರಿಂದ.

— 260ರಿಂದ 340.

— ಅಷ್ಟೇ ಫೋನು, ಅಷ್ಟೇ ಖರ್ಚು, ತಪ್ಪು ಮೂರರಲ್ಲಿ ಒಂದಕ್ಕೆ ಇಳಿಯಿತು. ಐದು ಮನೆಗೆ ಒಂದನ್ನು ಕೇಳಿದ ಹಾಗೆ ಆಗುವುದರಿಂದ ಇನ್ನೂ ಸ್ವಲ್ಪ ಬಿಗಿಯೂ ಆಗ್ತದೆ. ಚಿಕ್ಕ ಪಟ್ಟಿಯ ಕಡೆಯಿಂದ ಕೇಳಬೇಕು. ದೊಡ್ಡ ಸಂಸ್ಥೆಗಳು ಮಾತ್ರ ಯಾವಾಗಲೂ ತಮ್ಮ ಪಟ್ಟಿಯಿಂದಲೇ ಶುರು ಮಾಡುತ್ತವೆ, ಅದು ಕೈಗೆ ಹತ್ತಿರ ಇರುತ್ತದಲ್ಲ.

— ಹಾಗಾದರೆ ದೊಡ್ಡ ಪಟ್ಟಿ ಕೇಳುವುದೇ ದಂಡವಾ?

— ಪರೀಕ್ಷೆಗೆ ಬೇಕು. ಎರಡೂ ಕಡೆಯಿಂದ ಕೇಳಿದಾಗ ಒಂದು 300, ಇನ್ನೊಂದು 250 ಅಂತ ಬಂದರೆ ತಲೆ ಕೆಡಿಸಿಕೊಳ್ಳಬೇಡ. ಒಂದು 300, ಇನ್ನೊಂದು 600 ಅಂತ ಬಂದರೆ ಹೊಯ್ದಾಟ ಅಲ್ಲ, ಎಲ್ಲಿಯೋ ಎಡವಟ್ಟು ಆಗಿದೆ. ಹೆಚ್ಚಾಗಿ ಪ್ರಶ್ನೆಯಲ್ಲಿಯೇ. ‘ಮಂಡಳಿಯ ಪೋಷಕರಾ?’ ಅಂದರೆ ಒಮ್ಮೆ ರಶೀದಿ ಹರಿಸಿದವನೂ ಹೌದು ಅನ್ನುತ್ತಾನೆ, ಮಂಡಳಿಯ ಪುಸ್ತಕದಲ್ಲಿ ಅವನ ಹೆಸರೇ ಇರುವುದಿಲ್ಲ.

— ಪುಸ್ತಕ ಅಂದಿರಲ್ಲ, ನಮ್ಮ ಆಜೀವ ಸದಸ್ಯರ ರಿಜಿಸ್ಟರ್ ನೀವು ನೋಡಬೇಕು. ಕೆಲವು ಹೆಸರುಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಊರಿಗೆ’ ಅಂತ ಬರೆದಿದ್ದಾರೆ. ಕೆಲವಕ್ಕೆ ಒಂದು ಚಿಕ್ಕ ಗೀಟು. ಗೀಟು ಅಂದರೆ ಏನು ಅಂತ ಹಿಂದಿನ ಕಾರ್ಯದರ್ಶಿಗಳನ್ನು ಕೇಳಿದೆ. ತೀರಿಕೊಂಡವರು ಅಂದರು. ಹಾಗಾದರೆ 1,200ರಲ್ಲಿ ಅವರೂ ಸೇರಿದ್ದಾರಾ ಅಂತ ಕೇಳಿದ್ದಕ್ಕೆ, ಆಜೀವ ಸದಸ್ಯರನ್ನು ತೆಗೆಯಲು ಬೈಲಾದಲ್ಲಿ ಅವಕಾಶ ಇಲ್ಲ ಅಂದರು.

— ನೋಡು! ಅಂದ ಮೇಲೆ 1,200 ಎಂಬುದೇ 1,200 ಅಲ್ಲ. ಮೊದಲು ಗೀಟುಗಳನ್ನು ಎಣಿಸು. ಮತ್ತೆ, ಎಣಿಸುವುದು ಮನೆಯನ್ನಾ, ಮನುಷ್ಯರನ್ನಾ?

— ಪತ್ರಿಕೆ ಮನೆಗೆ ಒಂದು.

— ಹಾಗಾದರೆ ಫೋನ್ ಎತ್ತಿದವರಿಗೆ ‘ನೀವು ಸದಸ್ಯರಾ’ ಅಂತ ಕೇಳಬಾರದು, ‘ನಿಮ್ಮ ಮನೆಯಲ್ಲಿ ಯಾರಾದರೂ ಸದಸ್ಯರಾ’ ಅಂತ ಕೇಳಬೇಕು. ಗಂಡ ಸಂಘದಲ್ಲಿ, ಹೆಂಡತಿ ಮಂಡಳಿಯ ಮಹಿಳಾ ತಾಳಮದ್ದಳೆಯಲ್ಲಿ. ತಲೆ ಎಣಿಸಿದರೆ ಇಬ್ಬರೂ ಬೇರೆಬೇರೆ ಕಡೆಯವರು, ಎರಡೂ ಕಡೆಯವರು ಯಾರೂ ಇಲ್ಲ. ಮನೆ ಎಣಿಸಿದರೆ ಎರಡೂ ಕಡೆಯ ಒಂದು ಮನೆ. ಗೋಡೆ ಎಲ್ಲಿ ಹಾಕಿದೆ ಎಂಬುದರ ಮೇಲೆ ಉತ್ತರ ಬದಲಾಗ್ತದೆ.

— ಫೋನ್ ಯಾಕೆ, ಬರುವ ಶನಿವಾರ ಮಂಡಳಿಯ ಆಟ ಉಂಟು. ಬಾಗಿಲಲ್ಲಿ ನಿಂತು ಬಂದವರನ್ನೇ ಕೇಳಿದರೆ ಒಂದೇ ರಾತ್ರಿಯಲ್ಲಿ ಮುಗಿಯಿತಲ್ಲ?

— ಬೇಡವೇ ಬೇಡ. ಕಲ್ಯಾಣದಿಂದ, ಥಾಣೆಯಿಂದ ಶನಿವಾರ ರಾತ್ರಿ ಆಟಕ್ಕೆ ಹೊರಟು ಬರುವವರು ಯಾರು? ಎಲ್ಲ ಕಡೆ ಓಡಾಡುವ ಜನ. ಸಂಘ, ಮಂಡಳಿ, ಭಜನೆ, ಎಲ್ಲದರಲ್ಲಿಯೂ ಅವರೇ. ಅಲ್ಲಿ ಕೇಳಿದರೆ ನಿನಗೆ ಸಿಗುವುದು ‘ಮಂಡಳಿಯವರಲ್ಲಿ ಎಷ್ಟು ಮಂದಿ ಸಂಘದವರು’ ಎಂಬ ಉತ್ತರ ಅಲ್ಲ. ‘ಮಂಡಳಿಯವರೂ ಆಗಿ ಆ ರಾತ್ರಿ ಬಂದವರೂ ಆದವರಲ್ಲಿ ಎಷ್ಟು ಮಂದಿ’ ಎಂಬ ಉತ್ತರ. ಕೇಳದೆಯೇ ಇನ್ನೊಂದು ಷರತ್ತು ಒಳಗೆ ಬಂದು ಕೂತಿತು. ಟಿವಿಯವರು ಸ್ಟೇಷನ್ ಹೊರಗೆ ಮೈಕ್ ಹಿಡಿದು ಜನಾಭಿಪ್ರಾಯ ಕೇಳುವುದೂ ಇದೇ ಜಾತಿ.

— ನಮ್ಮ ಕಮಿಟಿಯಲ್ಲಿ ಒಬ್ಬರು ಎಂಜಿನಿಯರ್ ಇದ್ದಾರೆ. ಅವರದ್ದು ಇನ್ನೂ ಸುಲಭ ದಾರಿ. ಈ ಕಡೆ ಕನ್ನಡದ ಮನೆಗಳು 4,000 ಅಂತ ಹಿಡಿಯಿರಿ, ಅದರಲ್ಲಿ ಸಂಘದವರು ಶೇಕಡಾ 30, ಮಂಡಳಿಯವರು ಶೇಕಡಾ 10, ಗುಣಿಸಿದರೆ ಶೇಕಡಾ 3, ಅಂದರೆ 120 ಮನೆ ಎರಡೂ ಕಡೆ, ಮುಗಿಯಿತು ಅಂದರು.

— ಮುಕ್ಕಾಲು ಪಾಲು ಎಂಬ ಸಂಗತಿ ಕಣ್ಣೆದುರು ಇರುವಾಗ 120 ಹೇಗೆ ಬರ್ತದೆ? ಹಾಗೆ ನೇರ ಗುಣಿಸಬೇಕಾದರೆ ಸಂಘಕ್ಕೂ ಮಂಡಳಿಗೂ ಏನೂ ಸಂಬಂಧ ಇರಬಾರದು. ಸಂಘದವನಾದರೂ ಅಲ್ಲದಿದ್ದರೂ ಮಂಡಳಿ ಸೇರುವ ಸಾಧ್ಯತೆ ಒಂದೇ ಇರಬೇಕು. ಪರವೂರಿನಲ್ಲಿ ಭಾಷೆ ಹಿಡಿದುಕೊಂಡು ಬದುಕುವವರಲ್ಲಿ ಅದು ಉಂಟಾ? ಒಂದು ಕಡೆ ಚಂದಾ ಕೊಟ್ಟವನ ಮನೆಗೇ ಇನ್ನೊಂದು ಕಡೆಯವರು ರಶೀದಿ ಪುಸ್ತಕ ಹಿಡಿದು ಹೋಗುವುದು.

— ಆದರೆ ಎಂಜಿನಿಯರ್ ಸಾಹೇಬರ 4,000 ಎಂಬುದು ನನಗೆ ಬೇಕಾಗಿತ್ತು ಮಾಸ್ಟ್ರೇ. ಎರಡೂ ಪಟ್ಟಿಯಲ್ಲಿ ಇಲ್ಲದ ಕನ್ನಡದ ಮನೆಗಳು ಎಷ್ಟು ಅಂತ ಗೊತ್ತಾಗುವ ದಾರಿ ಉಂಟಾ?

— ದಾರಿ ಉಂಟು, ಆದರೆ ಜಾರು. ನಾಗರಹೊಳೆಯ ಹುಲಿಗಳ ಲೆಕ್ಕ ಕೇಳಿದ್ದೀಯಲ್ಲ? ಉಲ್ಲಾಸ ಕಾರಂತರು ಅಲ್ಲಿ ಕ್ಯಾಮೆರಾ ಕಟ್ಟಿದರು. ಒಂದೊಂದು ಹುಲಿಯ ಪಟ್ಟೆ ಒಂದೊಂದು ಥರ, ಹಾಗಾಗಿ ಫೋಟೋ ನೋಡಿದರೆ ಯಾವ ಹುಲಿ ಅಂತ ಗೊತ್ತಾಗ್ತದೆ. ಮೊದಲ ಸುತ್ತಿನಲ್ಲಿ ಸಿಕ್ಕಿದವು ಇಷ್ಟು, ಎರಡನೆಯ ಸುತ್ತಿನಲ್ಲಿ ಇಷ್ಟು, ಎರಡರಲ್ಲಿಯೂ ಸಿಕ್ಕಿದವು ಇಷ್ಟು. ಎರಡನೆಯ ಸುತ್ತಿನಲ್ಲಿ ಸಿಕ್ಕಿದ ಹುಲಿಗಳಲ್ಲಿ ಅರ್ಧ ಮೊದಲೇ ಸಿಕ್ಕಿದ್ದವು ಅಂತಾದರೆ, ಕಾಡಿನಲ್ಲಿರುವ ಅರ್ಧದಷ್ಟು ಹುಲಿ ಮೊದಲ ಸುತ್ತಿನಲ್ಲಿಯೇ ಸಿಕ್ಕಿವೆ ಅಂತ ಊಹೆ. ನಾನು ಹೇಳಿದ್ದು ಎಲುಬು ಮಾತ್ರ. ಅವರು 1995ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸುತ್ತುಗಳು ಹಲವು, ಗಣಿತವೂ ಹೆಚ್ಚು.

— ಅದೇ ರೀತಿ ಮಂಡಳಿಯವರಲ್ಲಿ ಮುಕ್ಕಾಲು ಸಂಘದಲ್ಲಿದ್ದಾರೆ. ಹಾಗಾದರೆ ಒಟ್ಟು ಕನ್ನಡದ ಮನೆಗಳಲ್ಲಿ ಮುಕ್ಕಾಲು ಸಂಘದಲ್ಲಿವೆ. 1,200 ಮುಕ್ಕಾಲಾದರೆ ಪೂರ್ತಿ 1,600. ನಮ್ಮ ಹತ್ತಿರ 1,300 ಮನೆ ಉಂಟು, ಇನ್ನು 300 ಮಾತ್ರ ಬಾಕಿ!

— ಖುಷಿ ಪಡಬೇಡ. ಹುಲಿಗೆ ಚಂದಾ ಕೊಡುವ ಅಭ್ಯಾಸ ಇಲ್ಲ. ಎಂಜಿನಿಯರ್ ಗುಣಾಕಾರದಲ್ಲಿ ಮಾಡಿದ್ದನ್ನೇ ನೀನೀಗ ಭಾಗಾಕಾರದಲ್ಲಿ ಮಾಡಿದೆ. ಎರಡು ಪಟ್ಟಿಗೂ ನಂಟಿಲ್ಲ ಅಂತ ಒಪ್ಪಿಕೊಂಡೆ. ನಂಟಿದ್ದರೆ ಎರಡೂ ಕಡೆಯವರು ಹೆಚ್ಚಾಗುತ್ತಾರೆ, ಅದರಿಂದ ಭಾಗಿಸಿದಾಗ ಒಟ್ಟು ಸಂಖ್ಯೆ ಕುಗ್ಗುತ್ತದೆ. ಯಾವ ಪಟ್ಟಿಗೂ ಸಿಗದವರು ಇನ್ನಷ್ಟು ಮರೆಯಾಗುತ್ತಾರೆ.

— ಅದಕ್ಕೆ ಮದ್ದು?

— ಪೂರ್ತಿ ಮದ್ದು ಇಲ್ಲ. ಅರ್ಧ ಮದ್ದು ಕೊಟ್ಟವರು ನಮ್ಮ ಮುಂಬಯಿಯ ಚೆಂಬೂರಿನಲ್ಲಿ ಕೆಲಸ ಮಾಡಿದವರೇ. ಸಿ. ಚಂದ್ರಶೇಖರನ್ ಅಂತ. ಕೋಲ್ಕತ್ತದ ಹತ್ತಿರದ ಸಿಂಗೂರಿನಲ್ಲಿ ಹುಟ್ಟು ಸಾವಿನ ರಿಜಿಸ್ಟರ್ ಒಂದು ಕಡೆ, ಮನೆಮನೆಗೆ ಹೋಗಿ ಬರೆದುಕೊಂಡ ಪಟ್ಟಿ ಇನ್ನೊಂದು ಕಡೆ ಇಟ್ಟುಕೊಂಡು, ಎರಡರಲ್ಲಿಯೂ ತಪ್ಪಿಹೋದ ಹುಟ್ಟು ಸಾವುಗಳನ್ನು ಅಂದಾಜು ಮಾಡಿದರು. ಅಮೆರಿಕದ ಡೆಮಿಂಗ್ ಜೊತೆ ಸೇರಿ ಆ ಪ್ರಬಂಧ ಬರೆದದ್ದು 1949ರಲ್ಲಿ. ಜಪಾನಿನ ಕಾರ್ಖಾನೆಗಳಿಗೆ ಗುಣಮಟ್ಟದ ಪಾಠ ಹೇಳಿಕೊಟ್ಟ ಅದೇ ಡೆಮಿಂಗ್. ಆಮೇಲೆ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದಲ್ಲಿ ಚಂದ್ರಶೇಖರನ್ ಇದ್ದರು. ಚೆಂಬೂರಿನಲ್ಲಿ 1956ರಲ್ಲಿ ಶುರುವಾದ ಜನಸಂಖ್ಯಾ ಸಂಸ್ಥೆಗೆ ನಿರ್ದೇಶಕರೂ ಆದರು. ಈಗ ದೇವನಾರ್‌ನಲ್ಲಿ ಉಂಟಲ್ಲ, ಅದೇ ಸಂಸ್ಥೆ.

— ನವಿ ಮುಂಬಯಿಗೆ ಹೋಗುವಾಗ ಬೋರ್ಡು ನೋಡಿದ್ದೇನೆ. ಮದ್ದು ಏನು ಹೇಳಿ.

— ಒಡೆದು ಲೆಕ್ಕ ಮಾಡು ಅಂದರು. ಪಟ್ಟಿಗಳ ನಡುವಿನ ನಂಟಿಗೆ ಒಂದು ದೊಡ್ಡ ಕಾರಣ, ಎಲ್ಲ ಥರದವರನ್ನು ಒಂದೇ ರಾಶಿಗೆ ಹಾಕುವುದು. ಸಂಘದಲ್ಲಿ ನವಿ ಮುಂಬಯಿಯವರು ಎಷ್ಟು?

— ವಾಶಿ, ನೆರೂಳ್, ಖಾರ್‌ಘರ್ ಎಲ್ಲ ಸೇರಿ 200 ಅಂತ ಹಿಡಿಯಿರಿ. ಮಂಡಳಿಯ ಪಟ್ಟಿಯಲ್ಲಿ ಆ ಕಡೆಯವರು ಹತ್ತೂ ಇರಲಿಕ್ಕಿಲ್ಲ. ಆಟ ಮುಗಿಯುವಾಗ ಎಷ್ಟು ಹೊತ್ತಾಗ್ತದೆ! ಥಾಣೆಗೆ ಹೋಗಿ, ಅಲ್ಲಿ ಟ್ರಾನ್ಸ್ ಹಾರ್ಬರಿನ ಗಾಡಿ ಹಿಡಿದು ಮನೆ ಮುಟ್ಟುವುದು ಯಾವಾಗ?

— ಹಾಗಾದರೆ ಲೆಕ್ಕ ಹಾಕು. ನವಿ ಮುಂಬಯಿಯಲ್ಲಿ ಸಂಘ 200, ಮಂಡಳಿ 10, ಎರಡೂ ಕಡೆ 2 ಅಂತ ಇಟ್ಟುಕೋ. ಇನ್ನೂರನ್ನು ಹತ್ತರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 1,000 ಮನೆ. ಈ ಕಡೆ ಥಾಣೆ, ಡೊಂಬಿವಲಿ, ಕಲ್ಯಾಣದಲ್ಲಿ ಸಂಘ 1,000, ಮಂಡಳಿ 390, ಎರಡೂ ಕಡೆ 298. ಇಲ್ಲಿ ಬರುವುದು ಸುಮಾರು 1,309. ಒಟ್ಟು ಸುಮಾರು 2,300. ಎರಡೂ ಕಡೆಯ ಮನೆಗಳು ಈಗಲೂ ಅದೇ 300, ಆದರೆ ಆಗ 1,600 ಇದ್ದದ್ದು ಈಗ 2,300 ಆಯ್ತು. ರಾಶಿ ಒಡೆದಾಗ, ಅಡಗಿಕೊಂಡಿದ್ದ ನವಿ ಮುಂಬಯಿ ಹೊರಗೆ ಬಂತು.

— ಆದರೆ ಆ ಎರಡು ಮನೆಯ ಮೇಲೆ 1,000 ನಿಂತಿದೆ. ಎರಡರ ಬದಲು ಒಂದೇ ಮನೆ ಇದ್ದಿದ್ದರೆ 2,000. ನಾಲ್ಕಿದ್ದಿದ್ದರೆ 500.

— ಅದಕ್ಕೇ ಜಾರು ಅಂದದ್ದು. ನವಿ ಮುಂಬಯಿ ದೊಡ್ಡದು ಅಂತ ಕಮಿಟಿಗೆ ಹೇಳು, 1,000 ಅಂತ ಹೇಳಬೇಡ. ಮೂರನೆಯ ಪಟ್ಟಿ ಒಂದು ಸಿಕ್ಕಿದರೆ, ಇಲ್ಲಿಯ ಮಂಜುನಾಥ ವಿದ್ಯಾಲಯದ ಹಳೆ ವಿದ್ಯಾರ್ಥಿಗಳದ್ದೋ ಏನೋ, ಆಗ ಯಾವ ಪಟ್ಟಿಗೆ ಯಾವುದರ ಜೊತೆ ನಂಟು ಅಂತ ಸ್ವಲ್ಪ ಮಟ್ಟಿಗೆ ಅಳೆಯಬಹುದು.

— ಇಷ್ಟೆಲ್ಲ ಯಾಕೆ? ಜನಗಣತಿಯಲ್ಲಿಯೇ ಕನ್ನಡದವರು ಎಷ್ಟು ಅಂತ ಇಲ್ಲವಾ?

— ಉಂಟು. 2011ರಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಅದರಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರೂ ಬಂದರು. ಆದರೆ ನಿಮ್ಮ ಮನೆಯವರು ಆ ಹತ್ತು ಲಕ್ಷದಲ್ಲಿ ಇದ್ದೀರಾ? ಮಾತೃಭಾಷೆ ಏನು ಅಂತ ಬರೆಸಿದ್ದೀರಿ?

— ತುಳು.

— ಹಾಗಾದರೆ ನೀವು ಇಲ್ಲ. ದೇಶದಲ್ಲಿ ತುಳು ಅಂತ ಬರೆಸಿದ 18 ಲಕ್ಷ ಚಿಲ್ಲರೆಯಲ್ಲಿ ನೀವು. ಕನ್ನಡ ಸಂಘದ ಕಾರ್ಯದರ್ಶಿ ಕನ್ನಡದವರ ಲೆಕ್ಕದಲ್ಲಿಯೇ ಇಲ್ಲ. ಮಾತೃಭಾಷೆಯ ಕಾಲಮ್ಮಿನಲ್ಲಿ ಎರಡೂ ಕಡೆಯವರಿಗೆ ಜಾಗ ಇಲ್ಲ, ಒಬ್ಬರಿಗೆ ಒಂದೇ ಭಾಷೆ.

— ಗೊತ್ತಿರುವ ಬೇರೆ ಭಾಷೆ ಯಾವುದು ಅಂತಲೂ ಕೇಳ್ತಾರಲ್ಲ?

— ಕೇಳ್ತಾರೆ, ಎರಡು ಭಾಷೆ. ತುಳುವರಲ್ಲಿ ಕನ್ನಡ ಬಲ್ಲವರು ಎಷ್ಟು ಎಂಬ ಷರತ್ತಿನ ಉತ್ತರ ಅಲ್ಲಿಯೇ ಇರಬೇಕಿತ್ತು. ಮಂಗಳೂರಿನಲ್ಲಿ ಅದು ಸಿಗ್ತದೆ. ಇಲ್ಲಿ ನಿನ್ನ ತಮ್ಮನಿಗೆ ಯಾವ ಎರಡು ಬರೆಸಿದಿರಿ?

— ಮರಾಠಿ, ಹಿಂದಿ ಇರಬೇಕು. ಇಂಗ್ಲಿಷಿಗೇ ಜಾಗ ಸಿಕ್ಕಿರಲಿಕ್ಕಿಲ್ಲ. ಅವನು ಮನೆಯಲ್ಲಿ ಅಜ್ಜನಿಗೆ ಕನ್ನಡ ಪೇಪರ್ ಓದಿ ಹೇಳ್ತಾನೆ.

— ಅವನ ಕನ್ನಡ ಮೂರನೆಯದ್ದೋ ನಾಲ್ಕನೆಯದ್ದೋ, ಕಾಲಮ್ಮಿನ ಹೊರಗೆ ಬಿತ್ತು. ಊರಿನಲ್ಲಿ ಲೆಕ್ಕಕ್ಕೆ ಸಿಗುವ ಅದೇ ಮನುಷ್ಯ ಡೊಂಬಿವಲಿಗೆ ಬಂದ ಕೂಡಲೇ ಲೆಕ್ಕದಿಂದ ಜಾರುತ್ತಾನೆ, ಅವನ ಕನ್ನಡ ಕಡಿಮೆಯಾಗಿ ಅಲ್ಲ, ಬೇರೆ ಭಾಷೆ ಹೆಚ್ಚಾಗಿ. ಹಾಗಾಗಿ ನಿನ್ನ ಪೆನ್ಸಿಲ್ ಗೀಟಿನ ರಿಜಿಸ್ಟರನ್ನು ನಾನು ಹಗುರ ಮಾಡುವುದಿಲ್ಲ. ಜನಗಣತಿಯವರೂ ತಮ್ಮ ಎಣಿಕೆಯನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಗಣತಿ ಮುಗಿದ ಮೇಲೆ ಕೆಲವು ಬ್ಲಾಕುಗಳನ್ನು ಆರಿಸಿ ಮತ್ತೊಮ್ಮೆ ಎಣಿಸಿ, ಎರಡು ಪಟ್ಟಿ ಹೊಂದಿಸಿ ನೋಡುತ್ತಾರೆ. 2011ರಲ್ಲಿ ಸಾವಿರಕ್ಕೆ ಸುಮಾರು 23 ಮಂದಿ ಬಿಟ್ಟುಹೋಗಿದ್ದರು ಅಂತ ಗೊತ್ತಾದದ್ದು ಹಾಗೆಯೇ.

— ಸರಿ ಮಾಸ್ಟ್ರೇ. ಮಂಡಳಿಯ ಪಟ್ಟಿಯಿಂದ 80 ಮನೆ, ಚೀಟಿ ಎತ್ತಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನ್ ಮಾಡ್ತೇನೆ.

— ಮಧ್ಯಾಹ್ನ ಮಾಡಿದರೆ ಮನೆಯಲ್ಲಿ ಇರುವವರು ಮಾತ್ರ ಸಿಗುತ್ತಾರೆ, ದುಡಿಯುವವರು ಎಲ್ಲ ವಿಟಿ, ಬಿಕೆಸಿ, ಮಹಾಪೆಯಲ್ಲಿ. ರಾತ್ರಿ ಒಂಬತ್ತರ ಮೇಲೆ ಮಾಡು. ಎತ್ತದಿದ್ದರೆ ಆ ಮನೆ ಬಿಟ್ಟು ಬೇರೆ ಮನೆ ಹಿಡಿಯಬೇಡ, ಅದೇ ಮನೆಗೆ ಮರುದಿನ ಮತ್ತೆ. ಫೋನ್ ಎತ್ತದವರೇ ಹೆಚ್ಚಾಗಿ ಒಂದೇ ಕಡೆಯವರು. ಇಷ್ಟಾದರೆ ಪತ್ರಿಕೆಯ ಲೆಕ್ಕ ಸರಿಯಾಯ್ತು. ಊಟದ್ದು ಆಗಲಿಲ್ಲ.

— 1,300 ಮನೆ ಅಂತ ಆಯ್ತಲ್ಲ?

— 1,300 ಮನೆಯವರೂ ಬಂದರೆ ಕಲಾಮಂದಿರದ ಹೊರಗೆ ಪೊಲೀಸರು ಬೇಕಾದೀತು. ಪತ್ರಿಕೆ ತಲುಪಿದವರಲ್ಲಿ ಬರುವವರು ಎಷ್ಟು ಎಂಬುದು ಬೇರೆಯೇ ಷರತ್ತು. ಅದರಲ್ಲಿಯೂ ಎರಡೂ ಕಡೆಯ ಮನೆಗಳು ಬರುವ ಪ್ರಮಾಣ ಬೇರೆ, ಒಂದೇ ಕಡೆಯವರದ್ದು ಬೇರೆ. ಹೇಗೂ ಫೋನ್ ಮಾಡ್ತೀಯಲ್ಲ, ಇನ್ನೊಂದು ಪ್ರಶ್ನೆ ಸೇರಿಸು. ಒಂದೇ ಕಡೆಯವರ ಉತ್ತರಕ್ಕೆ ಸಂಘದ ಪಟ್ಟಿಯಿಂದಲೂ ಒಂದಷ್ಟು ಮನೆ ಬೇಕಾದೀತು.

— ‘ನೀವು ಬರ್ತೀರಾ?’ ಅಂತ ಕೇಳುವುದಾ?

— ಹಾಗೆ ಕೇಳಿದರೆ ಎಂಬತ್ತು ಮನೆಯೂ ಬರ್ತೇವೆ ಅನ್ನುತ್ತವೆ, ಕರೆದವಳು ನೀನು, ಇಲ್ಲ ಅಂತ ಯಾರು ಹೇಳ್ತಾರೆ? ‘ಹೋದ ವರ್ಷದ ಕಾರ್ಯಕ್ರಮಕ್ಕೆ ನಿಮ್ಮ ಮನೆಯಿಂದ ಎಷ್ಟು ಮಂದಿ ಬಂದಿದ್ದಿರಿ?’ ಅಂತ ಕೇಳು.